ಆಳು ಮಾಡಿದ್ದು ಹಾಳಾಗದಂತೆ

ಚನ್ನಗಿರಿ ಸೀಮೆಯ ಅಡಿಕೆ ತೋಟಗಳಲ್ಲಿ ನಡುರಾತ್ರಿ ತ್ರೀ ಫೇಸ್ ಕರೆಂಟು ಬಂದರೆ ಯಾರೂ ಎದ್ದು ಓಡಬೇಕಾಗಿಲ್ಲ. ಪಂಪ್‌ಹೌಸಿನ ಗೋಡೆಗೆ ತಗುಲಿಹಾಕಿದ ಕಬ್ಬಿಣದ ಪೆಟ್ಟಿಗೆಯೊಳಗೆ ‘ಟಕ್’ ಎಂದು ಸದ್ದಾಗುತ್ತದೆ. ಸ್ಟಾರ್ಟರ್ ಕಚ್ಚಿಕೊಳ್ಳುತ್ತದೆ. ನೂರಾರು ಅಡಿ ಆಳದಲ್ಲಿ ಕೂತ ಮೋಟಾರು ಎಚ್ಚರಗೊಂಡು ನೀರು ಎತ್ತತೊಡಗುತ್ತದೆ. ರೈತ ಮಗ್ಗುಲು ಬದಲಿಸಿ ಮತ್ತೆ ನಿದ್ದೆಹೋಗುತ್ತಾನೆ. ಆ ಪೆಟ್ಟಿಗೆಗೆ ಊರವರು ಇಟ್ಟ ಹೆಸರು ‘ಆಟೋ’. ಜಗಳೂರಿನಲ್ಲೂ ಅದೇ ಪೆಟ್ಟಿಗೆ, ಅದೇ ‘ಟಕ್’. ನೀರು ಮಾತ್ರ ಇನ್ನಷ್ಟು ಆಳ.

ಈ ಆಟೋದ ಸುಖ ಗೊತ್ತಿದ್ದವರಿಗೆ ಅದರ ಭಯವೂ ಗೊತ್ತು. ಬೋರಿನಲ್ಲಿ ನೀರು ಇಳಿದಿದ್ದರೂ ಅದು ಮೋಟಾರು ಓಡಿಸುತ್ತಲೇ ಇರಬಹುದು, ಕಾಯಿಲ್ ಸುಟ್ಟುಹೋಗುವವರೆಗೆ. ಕೇಬಲ್ ಬಿಚ್ಚಿ ಕೂತವನ ಕೈ ತಂತಿಯ ಮೇಲಿರುವಾಗಲೇ ಕರೆಂಟು ಬಂದರೂ ಅದು ತನ್ನ ಕೆಲಸ ಮಾಡುತ್ತದೆ. ಅದಕ್ಕೇ ಮೋಟಾರು ಎತ್ತಲು ಬಂದ ಮೆಕ್ಯಾನಿಕ್ ಕೇಳುವ ಮೊದಲ ಮಾತು, ‘ಆಟೋ ಆಫ್ ಮಾಡಿದೀರೇನ್ರೀ ಗೌಡ್ರೇ?’ ಗೌಡರು ‘ಮಾಡೀನಪ್ಪಾ’ ಎನ್ನುತ್ತಾರೆ. ಅಷ್ಟು ಕೇಳಿಯೂ ಅನುಭವಸ್ಥ ಮೆಕ್ಯಾನಿಕ್ ತಾನೇ ಹೋಗಿ ನೋಡುತ್ತಾನೆ. ಮೂರೂ ಫ್ಯೂಸ್ ಕಿತ್ತು ತನ್ನ ಜೇಬಿಗೇ ಹಾಕಿಕೊಳ್ಳುತ್ತಾನೆ. ಗೌಡರ ಮೇಲೆ ಅಪನಂಬಿಕೆ ಇದೆಯೆಂದಲ್ಲ. ತಾನಾಗಿ ನಡೆಯುವ ಯಂತ್ರದ ಮೇಲೆ.

ಆಕಾಶದಲ್ಲೂ ಇಂಥದೇ ಒಂದು ‘ಆಟೋ’ ಇದೆ. 2023ರ ಫೆಬ್ರುವರಿಯಲ್ಲಿ ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲೆ ನ್ಯಾಮತಿ, ಹೊನ್ನಾಳಿ, ಚನ್ನಗಿರಿ ಕಡೆಯವರಿಗೆ ವಿಮಾನ ಹತ್ತುವುದು ಮೊದಲಿನಷ್ಟು ದೂರದ ಮಾತಾಗಿ ಉಳಿದಿಲ್ಲ. ಮೇಲೇರಿದ ಸ್ವಲ್ಪ ಹೊತ್ತಿಗೆ ಪೈಲಟ್ ಒಂದು ಗುಂಡಿ ಒತ್ತುತ್ತಾನೆ. ಆಮೇಲೆ ವಿಮಾನವನ್ನು ನೇರವಾಗಿ, ಮಟ್ಟವಾಗಿ ಹಿಡಿದುಕೊಂಡು ಹೋಗುವುದು ಆಟೋಪೈಲಟ್ ಎಂಬ ಕಾಣದ ಕೈ. ಇಂಥ ವಿಮಾನಗಳಲ್ಲಿ ಆ ಕೈಯ ಒಂದೊಂದು ನರವನ್ನೂ ಲೈಸೆನ್ಸ್ ಇರುವ ಎಂಜಿನಿಯರುಗಳು ಪರೀಕ್ಷಿಸಿ ಸಹಿ ಹಾಕಿರುತ್ತಾರೆ. ಪ್ರಯಾಣಿಕ ಚಿಂತೆಯಿಲ್ಲದೆ ತೂಕಡಿಸಬಹುದು.

ಆದರೆ ಜಗತ್ತಿನಲ್ಲಿ ಇನ್ನೊಂದು ಬಗೆಯ ವಿಮಾನಗಳಿವೆ. ಅವು ಕಾರ್ಖಾನೆಯಲ್ಲಿ ಹುಟ್ಟಿದವಲ್ಲ. ಮನೆಯ ಹಿತ್ತಿಲಲ್ಲಿ, ಕಾರು ನಿಲ್ಲಿಸುವ ಶೆಡ್ಡಿನಲ್ಲಿ, ರಜಾದಿನಗಳ ಬಿಡುವಿನಲ್ಲಿ ಒಬ್ಬ ಮನುಷ್ಯ ವರ್ಷಗಟ್ಟಲೆ ಕೂತು ಕಟ್ಟಿದವು. ಅಮೆರಿಕದಲ್ಲಿ ಇದು ದೊಡ್ಡ ಹವ್ಯಾಸ. ಅಲ್ಲಿನ ಕಾನೂನಿನ ಪ್ರಕಾರ ಕಟ್ಟುವ ಕೆಲಸದ ಅರ್ಧಕ್ಕಿಂತ ಹೆಚ್ಚು ಪಾಲು ಹವ್ಯಾಸಿಯ ಕೈಯಿಂದಲೇ ಆಗಿರಬೇಕು. ಆ ವಿಮಾನದಲ್ಲಿ ಆಟೋಪೈಲಟ್ ಕೂರಿಸುವವನೂ ಅವನೇ, ಅದರ ನಟ್ಟು ಬಿಗಿಯುವವನೂ ಅವನೇ, ‘ಸರಿಯಾಗಿದೆ’ ಎಂದು ತನಗೆ ತಾನೇ ಹೇಳಿಕೊಳ್ಳುವವನೂ ಅವನೇ.

ಇದು ನಮಗೆ ಸಂಬಂಧವಿಲ್ಲದ ಶ್ರೀಮಂತರ ಶೋಕಿ ಎಂದು ಪುಟ ತಿರುಗಿಸುವ ಮುನ್ನ ಒಂದು ಸಂಗತಿ. ಬರ್ಟ್ ರುಟಾನ್ ಎಂಬ ಅಮೆರಿಕದ ವಿನ್ಯಾಸಕಾರ 1979ರಲ್ಲಿ ‘ಲಾಂಗ್-ಈಜಿ’ ಎಂಬ ಇಬ್ಬರು ಕೂರುವ ಪುಟ್ಟ ವಿಮಾನ ಹಾರಿಸಿದ. ಅದರ ರೂಪವೇ ವಿಚಿತ್ರ: ಬಾಲದಲ್ಲಿರಬೇಕಾದ ಚಿಕ್ಕ ರೆಕ್ಕೆ ಮೂತಿಯ ಬಳಿ, ಮುಂದಿರಬೇಕಾದ ಪ್ರೊಪೆಲ್ಲರ್ ಹಿಂದೆ. ಫೋಮಿನ ತುಂಡನ್ನು ಬೇಕಾದ ಆಕಾರಕ್ಕೆ ಕೊಯ್ದು, ಮೇಲೆ ಗಾಜಿನ ನೂಲಿನ ಬಟ್ಟೆ ಹೊದಿಸಿ, ಎಪಾಕ್ಸಿ ಅಂಟು ಬಳಿದು ಗಟ್ಟಿಮಾಡಿದರೆ ರೆಕ್ಕೆ ಸಿದ್ಧ, ಅಚ್ಚು ಬೇಕಿಲ್ಲ. ರುಟಾನ್ ವಿಮಾನ ಮಾರಲಿಲ್ಲ, ನಕ್ಷೆ ಮಾರಿದ. ನಕ್ಷೆ ಕೊಂಡವರು ಲೋಕದ ನಾನಾ ಕಡೆ ತಮ್ಮ ತಮ್ಮ ಶೆಡ್ಡುಗಳಲ್ಲಿ ಕಟ್ಟಿಕೊಂಡರು.

ಹಾಗೆ ಕಟ್ಟಿದವರಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವೂ ಒಂದು. ಎನ್‌ಎಎಲ್ ಎಂದರೆ ಎಲ್ಲರಿಗೂ ಗೊತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ರುಸ್ತುಂ ದಮಾನಿಯಾ ಅವರ ಮುಂದಾಳತ್ವದಲ್ಲಿ ಅಲ್ಲಿ ಲಾಂಗ್-ಈಜಿಯ ಮಾದರಿಯಲ್ಲೇ ಒಂದು ಹಗುರ ಸಂಶೋಧನಾ ವಿಮಾನ ತಯಾರಾಯಿತು, 1987ರಲ್ಲಿ ಹಾರಿತು. ಹವ್ಯಾಸಿಗಳ ನಕ್ಷೆಯಿಂದ ನಮ್ಮವರು ಹೊಸ ಬಗೆಯ ಸಂಯುಕ್ತ ವಸ್ತುಗಳ ಕಸುಬು ಕಲಿತರು. ಮುಂದೆ ಅದೇ ಬೆಂಗಳೂರಿನ ರಾಜಹಂಸ ಅಲ್ಟ್ರಾಲೈಟ್ಸ್ ಎಂಬ ಕಂಪನಿ ‘ಎಕ್ಸ್-ಏರ್’ ಎಂಬ ಹಗುರ ವಿಮಾನದ ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿ ತುಂಬಿ ಹೊರದೇಶಗಳಿಗೆ ಕಳಿಸಿತು. ಇಂಗ್ಲೆಂಡಿನ ಹವ್ಯಾಸಿಗಳು ಅವನ್ನು ಬಿಚ್ಚಿ ಜೋಡಿಸಿ ಹಾರಿಸಿದರು.

ದಮಾನಿಯಾ 2001ರಲ್ಲಿ ತೀರಿಕೊಂಡರು. ಕಥೆ ಅಲ್ಲಿಗೆ ಮುಗಿಯಲಿಲ್ಲ. ರಕ್ಷಣಾ ಸಂಶೋಧನಾ ಸಂಸ್ಥೆಯ ಬೆಂಗಳೂರು ಘಟಕ ಪೈಲಟ್ ಇಲ್ಲದ ವಿಮಾನವೊಂದನ್ನು ಮಾಡಹೊರಟಾಗ ಎತ್ತಿಕೊಂಡದ್ದು ಇದೇ ಮೂತಿರೆಕ್ಕೆಯ ಮಾದರಿಯನ್ನು. ಅವರ ನೆನಪಿಗೆ ಅದಕ್ಕೆ ‘ರುಸ್ತುಂ’ ಎಂದೇ ಹೆಸರಿಟ್ಟರು. ಹಿತ್ತಿಲ ಶೆಡ್ಡಿನ ವಿಮಾನದಲ್ಲಿ ಮನುಷ್ಯ ಕೂರುತ್ತಿದ್ದ ಜಾಗ ಈಗ ಖಾಲಿ. ಅವನ ಕೈಕಾಲಿನ ಕೆಲಸವೆಲ್ಲ ಮೋಟಾರುಗಳ ಪಾಲಿಗೆ ಬಂತು. 2009ರ ನವೆಂಬರ್ 16ರಂದು ಹೊಸೂರಿನ ಬಳಿ ಅದರ ಮೊದಲ ಹಾರಾಟ. ಓಡಿತು, ಏರಿತು. ಇಳಿಯುವ ಹೊತ್ತಿಗೆ ಎತ್ತರದ ಅಂದಾಜು ತಪ್ಪಿತು. ನೆಲದಿಂದ ಕೊಟ್ಟ ಆಜ್ಞೆಯಂತೆ ಎಂಜಿನ್ ಬೇಗನೆ ನಿಂತು ವಿಮಾನ ಬಿತ್ತು. ಮರುವರ್ಷ ಅಕ್ಟೋಬರ್ 16ರಂದು ಅಲ್ಲಿಯೇ ಅರ್ಧ ಗಂಟೆ ಚೆನ್ನಾಗಿ ಹಾರಿ ಇಳಿಯಿತು. ಮೊದಲ ಸಲ ಯಂತ್ರ ಮಾಡಿದ ತಪ್ಪೇನು? ಹೇಳಿದ್ದನ್ನು ಕೇಳಿದ್ದು!

ಅದರ ನಂತರದ, ಬೇರೆಯೇ ರೂಪದ ದೊಡ್ಡ ತಮ್ಮ ‘ರುಸ್ತುಂ-2’ ಅಥವಾ ‘ತಾಪಸ್’ ಜಗಳೂರಿನ ಪಕ್ಕದ ಚಿತ್ರದುರ್ಗ ಜಿಲ್ಲೆಯ ಪರೀಕ್ಷಾ ನೆಲೆಯಿಂದ 2016ರಲ್ಲಿ ಹಾರಿತು. 2019ರ ಸೆಪ್ಟೆಂಬರಿನಲ್ಲಿ ಚಳ್ಳಕೆರೆ ತಾಲ್ಲೂಕಿನ ಜೋಡಿಚಿಕ್ಕೇನಹಳ್ಳಿ ಬಳಿ, 2023ರ ಆಗಸ್ಟಿನಲ್ಲಿ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿ ಅಂಥ ಒಂದೊಂದು ವಿಮಾನ ಹೊಲಕ್ಕೆ ಬಿದ್ದಾಗ ಸುತ್ತಲ ಹಳ್ಳಿಯವರು ಓಡಿಬಂದು ನೋಡಿದ್ದರು. ಒಳಗೆ ಯಾರಾದರೂ ಇದ್ದಾರೇನೋ ಎಂಬ ಗಾಬರಿ. ಯಾರೂ ಇರಲಿಲ್ಲ.

ಕೈಬಿಟ್ಟರೂ ಹಾರುವ ವಿಮಾನ ಹೊಸದಲ್ಲ. 1914ರ ಜೂನ್ 18ರಂದು ಪ್ಯಾರಿಸ್ ಬಳಿಯ ಬೆಜೋನ್ಸ್‌ನಲ್ಲಿ ಲಾರೆನ್ಸ್ ಸ್ಪೆರಿ ಎಂಬ 21ರ ಹರೆಯದ ತರುಣ ನೀರಿನಿಂದ ಏಳುವ ತನ್ನ ಕರ್ಟಿಸ್ ವಿಮಾನವನ್ನು ಸೇನ್ ನದಿಯ ಮೇಲೆ, ದಡದಲ್ಲಿ ನೆರೆದ ಜನರ ಮುಂದೆ ಹಾರಿಸಿಕೊಂಡು ಬಂದ. ಎರಡೂ ಕೈ ಮೇಲೆತ್ತಿದ್ದ. ಜತೆಗಿದ್ದ ಮೆಕ್ಯಾನಿಕ್ ಎಮಿಲ್ ಕಾಶಾಂ ಎದ್ದು ರೆಕ್ಕೆಯ ಮೇಲೆ ನಡೆದುಹೋದ. ಒಂದು ಬದಿಗೆ ಭಾರ ಬಿದ್ದರೂ ವಿಮಾನ ವಾಲಲಿಲ್ಲ. ಒಳಗೆ ಗಿರ್ರನೆ ತಿರುಗುತ್ತಿದ್ದ ಗೈರೊಸ್ಕೋಪುಗಳು ವಾಲಿದ್ದನ್ನು ಕಂಡುಹಿಡಿಯುತ್ತಿದ್ದವು. ಅವಕ್ಕೆ ಜೋಡಿಸಿದ ಯಂತ್ರ ರೆಕ್ಕೆಯಂಚಿನ ಹಲಗೆಯನ್ನು ಎಳೆದು ಸರಿಪಡಿಸುತ್ತಿತ್ತು. ಸುರಕ್ಷತೆಯ ಆ ಸ್ಪರ್ಧೆಯಲ್ಲಿ ಸ್ಪೆರಿಗೆ 50,000 ಫ್ರಾಂಕ್ ಬಹುಮಾನ ಬಂತು. ಬುಗುರಿ ಆಡಿದ ಮಕ್ಕಳಿಗೆ ಇದರ ತತ್ವ ಅರ್ಥವಾಗುತ್ತದೆ: ಜೋರಾಗಿ ತಿರುಗುವ ಬುಗುರಿ ತನ್ನ ದಿಕ್ಕನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ಇಂದಿನ ಪುಟ್ಟ ವಿಮಾನದ ಆಟೋಪೈಲಟ್‌ನಲ್ಲಿ ಬುಗುರಿಯ ಜಾಗಕ್ಕೆ ಉಗುರಿನಷ್ಟು ದೊಡ್ಡ ಚಿಪ್ಪು ಬಂದಿದೆ. ಮಿದುಳು ಸಣ್ಣದಾಯಿತು, ಅಗ್ಗವಾಯಿತು. ಕೈ ಮಾತ್ರ ಕೈಯಾಗಿಯೇ ಉಳಿಯಿತು. ಆ ಕೈಯ ಹೆಸರೇ ಸರ್ವೋ. ಲ್ಯಾಟಿನ್ ಭಾಷೆಯಲ್ಲಿ ‘ಸರ್ವುಸ್’ ಎಂದರೆ ಆಳು. ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಎಂದು ನಮ್ಮ ಕಡೆ ಗಾದೆಯಿದೆಯಲ್ಲ, ಮನೆಯಲ್ಲೇ ಕಟ್ಟಿದ ವಿಮಾನದ ತೊಡಕನ್ನು ಇದಕ್ಕಿಂತ ಚಿಕ್ಕದಾಗಿ ಹೇಳುವುದು ಕಷ್ಟ. ವಿಮಾನ ತಾನು ಮಾಡಿದ್ದು. ಹಾರಿಸುವ ಕೆಲಸ ಮಾತ್ರ ಆಳಿನ ಕೈಗೆ ಕೊಟ್ಟಿದ್ದು.

ಈ ಆಳು ನೋಡಲು ಮುಷ್ಟಿಗಾತ್ರದ ಪೆಟ್ಟಿಗೆ. ಒಳಗೆ ಒಂದು ಮೋಟಾರು, ಹಲ್ಲುಚಕ್ರಗಳು, ಕೆಲವದರಲ್ಲಿ ಕ್ಲಚ್. ಹೊರಗೆ ಒಂದು ಗೇಣಿಗಿಂತ ಚಿಕ್ಕದಾದ ತೋಳು. ತೋಳಿನ ತುದಿಯಿಂದ ಒಂದು ಸರಳು ಹೋಗಿ ಪೈಲಟ್ ಹಿಡಿಯುವ ಕೋಲಿನ ಜೋಡಣೆಗೆ ಸೇರುತ್ತದೆ. ಎಡಬಲ ವಾಲುವುದಕ್ಕೆ ಒಂದು ಸರ್ವೋ, ಮೂತಿ ಏರಿಳಿಸುವುದಕ್ಕೆ ಇನ್ನೊಂದು. ಬೆಂಗಳೂರಿನಲ್ಲೇ ಹುಟ್ಟಿದ ತೇಜಸ್ ಯುದ್ಧವಿಮಾನದಲ್ಲಿ ಹಾರಾಟ ನಿಯಂತ್ರಣದ ಸಂಕೇತ ನಾಲ್ಕು ಸಮಾನಾಂತರ ಹಾದಿಗಳಲ್ಲಿ ಹೋಗುತ್ತದೆ. ಒಂದು ಕೆಟ್ಟರೆ ಮೂರಿವೆ. ಶೆಡ್ಡಿನ ವಿಮಾನದಲ್ಲಿ ಒಂದೇ. ಅದು ಕೆಟ್ಟರೆ ಇರುವ ಬದಲಿ ಪೈಲಟ್‌ನ ಸ್ವಂತ ಕೈ.

ಆದ್ದರಿಂದಲೇ ಸರ್ವೋವನ್ನು ಬೇಕೆಂತಲೇ ದುರ್ಬಲವಾಗಿ ಮಾಡಿರುತ್ತಾರೆ. ಇದು ಕೇಳಿದವರಿಗೆ ಮೊದಲು ಆಶ್ಚರ್ಯ. ಹುಚ್ಚು ಹಿಡಿದ ಆಳು ಕೋಲನ್ನು ಒಂದು ಕಡೆಗೆ ಎಳೆದು ಕೂತರೆ ಯಜಮಾನ ಅವನನ್ನು ನೂಕಿ ಕೋಲು ಕಸಿದುಕೊಳ್ಳುವಂತಿರಬೇಕು. ಕೆಲವದರಲ್ಲಿ ಕ್ಲಚ್ ಜಾರುತ್ತದೆ, ಕೆಲವದರಲ್ಲಿ ಮೋಟಾರೇ ಸೋಲುತ್ತದೆ. ಇದಾವುದೂ ಆಗದೆ ಹಲ್ಲುಚಕ್ರವೇ ಸಿಕ್ಕಿಕೊಂಡರೆ? ಅದಕ್ಕೂ ಒಂದು ಉಪಾಯ: ತೋಳನ್ನು ಹಿಡಿದಿಡುವ ಜಾಗದಲ್ಲಿ ಹಿತ್ತಾಳೆಯಂಥ ಮೆತು ಲೋಹದ ಸಣ್ಣ ಸ್ಕ್ರೂ. ಪೈಲಟ್ ಬಲವಾಗಿ ಕೋಲು ನೂಕಿದರೆ ಆ ಸ್ಕ್ರೂ ತುಂಡಾಗಿ ತೋಳು ಬಿಡುಗಡೆಯಾಗುತ್ತದೆ.

ಹೊನ್ನಾಳಿಯಲ್ಲಿ ರೋಟವೇಟರ್ ಓಡಿಸುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಟ್ರ್ಯಾಕ್ಟರಿನ ಶಾಫ್ಟಿಗೆ ಹಾಕುವ ಶಿಯರ್ ಬೋಲ್ಟ್ ಇರುವುದೇ ತುಂಡಾಗುವುದಕ್ಕೆ. ಕಲ್ಲು ಸಿಕ್ಕಾಗ ಬೋಲ್ಟ್ ಹೋದರೆ ಕೆಲವೇ ರೂಪಾಯಿ, ಗೇರ್‌ಬಾಕ್ಸ್ ಹೋದರೆ ಬೆಳೆಯ ದುಡ್ಡು. ಆದರೂ ಪದೇ ಪದೇ ತುಂಡಾಗುತ್ತದೆಂದು ಬೇಸತ್ತು ಗಟ್ಟಿ ಬೋಲ್ಟ್ ಬಡಿಯುವವರು ಇದ್ದೇ ಇದ್ದಾರೆ. ಫ್ಯೂಸಿಗೆ ದಪ್ಪ ತಂತಿ ಸುತ್ತುವವರ ಅಣ್ಣತಮ್ಮಂದಿರು ಅವರು. ವಿಮಾನ ಕಟ್ಟುವ ಹವ್ಯಾಸಿಯೂ ಮನುಷ್ಯನೇ. ಗಾಳಿ ಹೊಡೆತಕ್ಕೆ ಸರ್ವೋ ಜಾರುತ್ತದೆಂದು ಅದರ ಬಲದ ಮಿತಿಯನ್ನು ಮೇಲಕ್ಕೇರಿಸುತ್ತಾನೆ, ಮತ್ತೂ ಏರಿಸುತ್ತಾನೆ. ಕೋಲಿನ ಜೋಡಣೆಯಲ್ಲೇ ಎಲ್ಲೋ ಬಿಗಿತವಿರಬಹುದು, ಅದಕ್ಕೆ ಎಣ್ಣೆ ಬೇಕಿರಬಹುದು ಎಂಬುದು ಆಮೇಲೆ ಹೊಳೆಯುತ್ತದೆ. ಪಾಪ, ಸರ್ವೋ ಅಲ್ಲಿಯವರೆಗೆ ದೂರು ಹೇಳುತ್ತಿತ್ತು. ಇವನು ಅದರ ಬಾಯಿ ಮುಚ್ಚಿಸಿದ್ದ.

ಇನ್ನೊಂದು ಅಪಾಯ ರೇಖಾಗಣಿತದ್ದು. ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ ನೋಡಿದವರಿಗೆ ಇದು ಗೊತ್ತು. ಯಂತ್ರ ನಿಂತಾಗ ಒಮ್ಮೊಮ್ಮೆ ತುಳಿಹಲಗೆಯ ಸರಳು, ಚಕ್ರದ ತೋಳು ಎರಡೂ ಒಂದೇ ಗೆರೆಗೆ ಬಂದುಬಿಟ್ಟಿರುತ್ತವೆ. ಆಗ ಎಷ್ಟು ತುಳಿದರೂ ಚಕ್ರ ಅಲುಗದು. ದರ್ಜಿ ಕೈಯಿಂದ ಚಕ್ರವನ್ನು ಒಂದಿಷ್ಟು ತಿರುಗಿಸಿ ಕೊಡುತ್ತಾನೆ, ಕೆಲಸ ಸಾಗುತ್ತದೆ. ಸರ್ವೋದ ತೋಳೂ ಹೀಗೆಯೇ ಸರಳಿನ ಗೆರೆಗೆ ಬಂದುಬಿಡಬಹುದು, ಅಥವಾ ಗೆರೆ ದಾಟಿ ಆಚೆಗೆ ಮಗುಚಿಕೊಳ್ಳಬಹುದು. ಆಗ ಪೈಲಟ್ ಎಷ್ಟು ಬಲ ಹಾಕಿದರೂ ಕೋಲು ಅಲುಗದೆ ಹೋಗಬಹುದು. ಇಲ್ಲಿ ಮೆತು ಸ್ಕ್ರೂವನ್ನು ನಂಬಿಕೊಂಡು ಕೂರುವಂತಿಲ್ಲ. ಬಲವೆಲ್ಲ ತೋಳನ್ನು ತಿರುಗಿಸುವ ಬದಲು ಅದರ ಉದ್ದಕ್ಕೆ ಬೀಳುತ್ತದೆ. ಆಕಾಶದಲ್ಲಿ ಚಕ್ರ ತಿರುಗಿಸಿಕೊಡಲು ದರ್ಜಿಯ ಕೈ ಎಲ್ಲಿಂದ ಬರಬೇಕು? ಅದಕ್ಕಾಗಿ ಸರ್ವೋ ಕೂರಿಸುವಾಗಲೇ ಕೋಲನ್ನು ನಾಲ್ಕೂ ಮೂಲೆಗೆ ತಳ್ಳಿ, ಎಲ್ಲಿಯೂ ತೋಳು ಆ ಗೆರೆಯ ಹತ್ತಿರಕ್ಕೂ ಬಾರದಂತೆ ನೋಡಬೇಕು. ದಾಟದಂತೆ ಗಟ್ಟಿ ತಡೆ ಇಡಬೇಕು. ಆಮೇಲೆ ಸರಳಿನ ಉದ್ದ ಬದಲಾದರೆ, ಕೋಲಿನ ತಡೆಗಳನ್ನು ಮುಟ್ಟಿದರೆ, ಇನ್ನೊಮ್ಮೆ. ಮೊದಲ ದಿನ ನೋಡಿದ್ದಾಗಿದೆ ಎನ್ನುವ ಸಮಾಧಾನ ಇಲ್ಲಿ ನಡೆಯದು.

ಹಾಗಾದರೆ ಸರ್ವೋ ಕೆಡುವುದು ಹೇಗೆ? ಮೋಟಾರು ಸುಟ್ಟು ಎಂದು ಹೆಚ್ಚಿನವರು ಊಹಿಸುತ್ತಾರೆ. ಆಟೋಪೈಲಟ್ ತಕರಾರು ಮಾಡಿದಾಗ ಮೊದಲು ನೋಡಬೇಕಾದದ್ದು ಅದಲ್ಲ, ಅದರ ಸುತ್ತಲಿನ ಚಿಲ್ಲರೆ ಸಾಮಾನು. ಸರಿಯಾಗಿ ಒತ್ತಿಲ್ಲದ ತಂತಿಯ ತುದಿ. ಸಡಿಲ ಅರ್ತಿಂಗ್. ರೆಕ್ಕೆಯೊಳಗಿನ ಚೂಪು ಅಂಚಿಗೆ ಉಜ್ಜಿ ಉಜ್ಜಿ ಸಿಪ್ಪೆ ಸುಲಿದ ವೈರು. ಶೆಡ್ಡಿನಲ್ಲಿ ನಿಂತ ವಿಮಾನಕ್ಕೆ ಇಲಿಯ ಕಾಟವೂ ತಪ್ಪಿದ್ದಲ್ಲ. ಪೈಲಟ್ ರೇಡಿಯೋದಲ್ಲಿ ಮಾತಾಡಲು ಗುಂಡಿ ಒತ್ತಿದ ಕೂಡಲೇ ವಿಮಾನ ಮೈ ಕೊಡವಿಕೊಂಡರೆ ರೇಡಿಯೋ ಅಲೆ ಸರ್ವೋದ ತಂತಿಗೆ ನುಸುಳುತ್ತಿದೆ ಎಂದರ್ಥ. ಸರಳಿನ ತುದಿಯ ಗುಂಡು ಬೇರಿಂಗ್ ಸವೆದು ಒಂದಿಷ್ಟು ಆಟ ಬಂದರೆ ಆಟೋಪೈಲಟ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಾಡತೊಡಗುತ್ತದೆ. ತಿದ್ದಲು ಹೋಗಿ ಅತಿಯಾಗಿ ತಿದ್ದುತ್ತದೆ, ಮತ್ತೆ ಅದನ್ನು ತಿದ್ದುತ್ತದೆ. ಆಗ ಸಾಫ್ಟ್‌ವೇರಿನ ಅಂಕಿಗಳನ್ನು ಬದಲಿಸುತ್ತ ಕೂರುವವರುಂಟು. ಬದಲಿಸಬೇಕಾದದ್ದು ಬೇರಿಂಗ್.

ಎಲ್ಲಕ್ಕಿಂತ ಚಿಕ್ಕದು, ಎಲ್ಲಕ್ಕಿಂತ ದೊಡ್ಡದು, ನಟ್ಟಿನ ಮೂಲಕ ಹಾಯಿಸಿ ಬಗ್ಗಿಸುವ ಪಿನ್ನು. ಎತ್ತಿನ ಗಾಡಿಗೆ ಕಡಾಣಿ ಇದ್ದಂತೆ. ಕಡಾಣಿ ಬಿದ್ದ ಗಾಡಿಯ ಚಕ್ರ ಕಳಚಿ ದಾರಿ ಬದಿಗೆ ಉರುಳುತ್ತದೆ, ಗಾಡಿ ನಿಲ್ಲುತ್ತದೆ, ಎತ್ತು ಉಳಿಯುತ್ತವೆ. ಸರ್ವೋ ಸರಳಿನ ನಟ್ಟು ಕಳಚಿದರೆ ಆಟೋಪೈಲಟ್ ಹೋಗುವುದಷ್ಟೇ ಅಲ್ಲ. ಜೋತುಬಿದ್ದ ಸರಳು ಪಕ್ಕದ ಕೋಲಿನ ಸಂಧಿಯಲ್ಲಿ ಸಿಕ್ಕಿಕೊಂಡರೆ ಪೈಲಟ್‌ನ ಕೈಯೂ ಹೋಯಿತು. ಸುಖಕ್ಕೆಂದು ಸೇರಿಸಿದ ಸಾಮಾನು ಮೂಲಕ್ಕೇ ಕೊಡಲಿ ಇಡುವುದು ಹೀಗೆ.

ಆಳು ಸರಿಯಿದ್ದು ಅವನಿಗೆ ಸುದ್ದಿ ಕೊಡುವವರು ಸುಳ್ಳು ಹೇಳಿದರೆ? ಎತ್ತರ, ವೇಗ ಅಳೆಯಲು ವಿಮಾನದ ಮೈಮೇಲೆ ಸಣ್ಣ ತೂತುಗಳು, ಕೊಳವೆಗಳು ಇರುತ್ತವೆ. ಕಿಟಕಿ ಸಂದಿಯಲ್ಲಿ ಮಣ್ಣಿನ ಗೂಡು ಕಟ್ಟುವ ಕುಂಬಾರ ಹುಳಕ್ಕೆ ಇಂಥ ಕೊಳವೆ ಎಂದರೆ ಬಲು ಇಷ್ಟ. 1996ರ ಫೆಬ್ರುವರಿ 6ರಂದು ಡೊಮಿನಿಕನ್ ಗಣರಾಜ್ಯದಿಂದ ಹೊರಟ ಬರ್ಗನ್‌ಏರ್ ಕಂಪನಿಯ ದೊಡ್ಡ ಬೋಯಿಂಗ್ ವಿಮಾನವೇ ಸಮುದ್ರಕ್ಕೆ ಬಿದ್ದು 189 ಜನ ಸತ್ತರು. ವೇಗ ಅಳೆಯುವ ಕೊಳವೆ ಮುಚ್ಚಿಹೋಗಿತ್ತು. ಹುಳದ ಗೂಡೇ ಇರಬೇಕೆಂದು ತನಿಖೆ ಮಾಡಿದವರ ಶಂಕೆ. ವೇಗ ಹೆಚ್ಚಾಗಿದೆ ಎಂಬ ಸುಳ್ಳು ಸುದ್ದಿ ನಂಬಿದ ಆಟೋಪೈಲಟ್ ಮೂತಿಯನ್ನು ಮೇಲೆತ್ತುತ್ತಲೇ ಹೋಗಿತ್ತು. ತಿಂಗಳುಗಟ್ಟಲೆ ನಿಂತೇ ಇರುವ ಹವ್ಯಾಸಿಯ ವಿಮಾನಕ್ಕೆ ಕೊಳವೆಯ ಮೇಲೊಂದು ಬಟ್ಟೆಯ ಟೋಪಿ ಹಾಕುವುದು, ಹಾರುವ ಮುನ್ನ ನೆನಪಿಟ್ಟು ತೆಗೆಯುವುದು, ಇದೂ ಆಟೋಪೈಲಟ್‌ನ ಆರೈಕೆಯೇ.

ಒಳ್ಳೆಯ ಆಳಿಗೆ ಒಂದು ಕೆಟ್ಟ ಗುಣವಿದೆ: ಕಷ್ಟವನ್ನು ಹೇಳಿಕೊಳ್ಳುವುದಿಲ್ಲ. ಸೈಕಲ್ಲಿನ ಹ್ಯಾಂಡಲಿನ ಒಂದೇ ಕಡೆಗೆ ಹಾಲಿನ ಕ್ಯಾನು ತೂಗುಹಾಕಿದ್ದರೆ ಓಡಿಸುವವನು ಗೊತ್ತಿಲ್ಲದೆಯೇ ಕೈ ಬಿಗಿಹಿಡಿದು ನೇರ ಹೋಗುತ್ತಿರುತ್ತಾನೆ. ಇನ್ನೊಬ್ಬನ ಕೈಗೆ ಏಕಾಏಕಿ ಕೊಟ್ಟರೆ ಸೈಕಲ್ ಸರಕ್ಕನೆ ವಾಲುತ್ತದೆ. ವಿಮಾನದ ಮೂತಿ ಭಾರವಾಗಿದ್ದರೂ ಸರ್ವೋ ಸುಮ್ಮನೆ ಎತ್ತಿ ಹಿಡಿದಿರುತ್ತದೆ. ಪೈಲಟ್ ಗುಂಡಿ ಒತ್ತಿ ಆಟೋ ಬಿಡಿಸಿದ ಕ್ಷಣಕ್ಕೆ ಆ ಭಾರವೆಲ್ಲ ಅವನ ಕೈಗೆ ಬೀಳುತ್ತದೆ. ಎತ್ತರವಿದ್ದರೆ ಒಂದು ಗಾಬರಿ, ನೆಲ ಹತ್ತಿರವಿದ್ದರೆ ಅಷ್ಟೇ. ಈಗಿನ ಯಂತ್ರಗಳು ‘ಭಾರ ಸರಿಮಾಡು’ ಎಂದು ದೀಪ ತೋರಿಸುತ್ತವೆ. ದೀಪ ನೋಡುವ ಕಣ್ಣು ಬೇಕು.

ಆಳನ್ನು ನಂಬುವುದಕ್ಕೂ ಅತಿಯಾಗಿ ನಂಬುವುದಕ್ಕೂ ಲಾಂಗ್-ಈಜಿಯ ಇತಿಹಾಸದಲ್ಲೇ ಉದಾಹರಣೆಗಳಿವೆ. 1986ರ ಡಿಸೆಂಬರ್ 14ರಿಂದ 23ರವರೆಗೆ ಬರ್ಟ್ ರುಟಾನ್‌ನ ಅಣ್ಣ ಡಿಕ್ ರುಟಾನ್ ಮತ್ತು ಜೀನಾ ಯೇಗರ್ ಎಂಬ ಮಹಿಳೆ ‘ವಾಯೇಜರ್’ ವಿಮಾನದಲ್ಲಿ ಎಲ್ಲಿಯೂ ಇಳಿಯದೆ, ಇಂಧನ ತುಂಬಿಸದೆ ಭೂಮಿಯನ್ನು ಸುತ್ತಿ ಬಂದರು. ಅದೂ ಬರ್ಟ್‌ನದೇ ವಿನ್ಯಾಸ, ಅದೇ ಎಪಾಕ್ಸಿಯ ಕಸುಬು. ಇಂಧನ ತುಂಬಿದ ಆ ವಿಮಾನದ ಉದ್ದ ರೆಕ್ಕೆಗಳು ಹಕ್ಕಿಯಂತೆ ಬಡಿಯುತ್ತಿದ್ದವು. ಬರಿಗೈಯಲ್ಲಿ ಹೆಚ್ಚು ಹೊತ್ತು ಹಾರಿಸುವುದು ಆಗದ ಮಾತು. ಒಂಬತ್ತು ದಿನ ಹಿಡಿದುಕೊಂಡದ್ದು ಆಟೋಪೈಲಟ್.

ಹನ್ನೊಂದು ವರ್ಷಗಳ ನಂತರ, 1997ರ ಅಕ್ಟೋಬರ್ 12ರ ಸಂಜೆ, ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯ ಮೇಲೆ ಒಂದು ಲಾಂಗ್-ಈಜಿ ಹಾರುತ್ತಿತ್ತು. ಓಡಿಸುತ್ತಿದ್ದವರು ಜಗತ್ಪ್ರಸಿದ್ಧ ಗಾಯಕ ಜಾನ್ ಡೆನ್ವರ್. ಬೇರೆ ವಿಮಾನಗಳಲ್ಲಿ ಸಾಕಷ್ಟು ಪಳಗಿದ್ದವರು. ಇದು ಮಾತ್ರ ಹೊಸತು, ಇನ್ನೊಬ್ಬರು ಕಟ್ಟಿದ್ದನ್ನು ಆಗಷ್ಟೇ ಕೊಂಡದ್ದು. ರುಟಾನ್‌ನ ನಕ್ಷೆಯಲ್ಲಿ ಎಡ ಟ್ಯಾಂಕಿನಿಂದ ಬಲ ಟ್ಯಾಂಕಿಗೆ ಇಂಧನ ಬದಲಿಸುವ ತಿರುಪು ಪೈಲಟ್‌ನ ಕೈಗೆ ಎಟಕುವಂತೆ ಮುಂದಿತ್ತು. ಕಟ್ಟಿದವರು ಇಂಧನದ ಕೊಳವೆ ಪೈಲಟ್ ಕೂರುವ ಜಾಗಕ್ಕೆ ಬರಬಾರದೆಂದು ಅದನ್ನು ಎಡ ಭುಜದ ಹಿಂದಕ್ಕೆ ಇಟ್ಟಿದ್ದರು. ಒಳ್ಳೆಯ ಉದ್ದೇಶವೇ. ಆದರೆ ಆ ವಿಮಾನದ ಕೋಲಿರುವುದು ಬಲಗೈ ಬದಿಯಲ್ಲಿ. ತಿರುಪು ತಿರುಗಿಸಬೇಕೆಂದರೆ ಕೋಲು ಬಿಟ್ಟು, ಮೈಯನ್ನು ಪೂರ್ತಿ ಎಡಕ್ಕೆ ಹೊರಳಿಸಿ, ಬಲಗೈಯನ್ನು ಭುಜದ ಹಿಂದಕ್ಕೆ ಚಾಚಬೇಕು.

ಹೊರಡುವ ಮುನ್ನ ಅಲ್ಲಿನ ತಂತ್ರಜ್ಞರೊಬ್ಬರ ಜತೆ ಈ ಬಗ್ಗೆ ಮಾತು ನಡೆದಿತ್ತು. ತಿರುಪು ಬಿಗಿಯಾಗಿದೆ, ಎಟಕುತ್ತಿಲ್ಲ. ಇಕ್ಕಳ ಹಚ್ಚಿ ಹಿಡಿ ಉದ್ದ ಮಾಡಿ ನೋಡಿದರು, ಆಗಲಿಲ್ಲ. ಬೇಕಾದರೆ ಹಾರುವಾಗ ಆಟೋಪೈಲಟ್ ಹಾಕಿಕೊಂಡು ವಿಮಾನ ಮಟ್ಟವಾಗಿ ಹಿಡಿಸಿ ತಿರುಪು ತಿರುಗಿಸುತ್ತೇನೆ ಎಂದರು ಡೆನ್ವರ್. ಒಂದು ಗಂಟೆಯಷ್ಟೇ ಹಾರುವುದೆಂದು ಇಂಧನವನ್ನೂ ತುಂಬಿಸಲಿಲ್ಲ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿಯ ವರದಿಯಲ್ಲಿ ಇದೆಲ್ಲ ದಾಖಲಾಗಿದೆ. ವಿಮಾನ ಕೇವಲ 500 ಅಡಿ ಅಥವಾ ಅದಕ್ಕೂ ಕೆಳಗೆ ಹಾರುತ್ತಿದ್ದುದನ್ನು ಕಂಡವರಿದ್ದರು. ಎಂಜಿನ್ ಸದ್ದು ತೊದಲಿತು, ವಿಮಾನ ಮಗುಚಿ ನೆಟ್ಟಗೆ ನೀರಿಗೆ ಬಿತ್ತು. ಎಡಕ್ಕೆ ಹೊರಳಿದವನ ಬಲಗಾಲು ಆಸರೆಗೆಂದು ತಾನಾಗಿ ಬಲ ಪೆಡಲನ್ನು ಒತ್ತುತ್ತದೆ ಎಂಬುದನ್ನು ತನಿಖೆಗಾರರು ಇನ್ನೊಂದು ಲಾಂಗ್-ಈಜಿಯಲ್ಲಿ ಕೂತು ನೋಡಿಯೇ ಕಂಡುಕೊಂಡರು. ಡೆನ್ವರ್‌ಗೆ 53 ವರ್ಷ.

ಪುಟ್ಟ ವಿಮಾನಗಳ ಆಟೋಪೈಲಟ್‌ಗೆ ಸಾಮಾನ್ಯವಾಗಿ ಪೆಡಲಿನ ಹತೋಟಿ ಇರುವುದಿಲ್ಲ. ಕಾಲು ಪೆಡಲನ್ನು ತುಳಿದು ಹಿಡಿದರೆ ಬೇಕೆಂತಲೇ ದುರ್ಬಲವಾಗಿ ಮಾಡಿದ ಸರ್ವೋ ಅದರ ಎದುರು ಎಷ್ಟು ಹೊತ್ತು ನಿಂತೀತು? ಆ ಯೋಜನೆ ನೆಲದ ಮೇಲೆ ಕೇಳಲು ಸರಿಯಾಗಿಯೇ ಇತ್ತು. ಕೆಟ್ಟ ತಿರುಪನ್ನು ಸರಿಮಾಡುವ ಕೆಲಸವನ್ನು ಮುಂದೂಡಲು ಆಳು ಒಂದು ನೆವವಾದ.

ಕೈಯಿಂದ ಕೈಗೆ ಹೋದ ಮನೆಕಟ್ಟಿನ ವಿಮಾನ ಎಂದರೆ ಹಿಂದಿನ ಯಜಮಾನ ತಾನೇ ವೈರಿಂಗ್ ಮಾಡಿದ ಹಳೆಯ ಮನೆ ಕೊಂಡಂತೆ. ಯಾವ ಸ್ವಿಚ್ಚಿಗೆ ಯಾವ ದೀಪ ಎಂಬುದು ಅವನ ತಲೆಯಲ್ಲಿತ್ತು. ಅಮೆರಿಕದಲ್ಲಿ ಕಟ್ಟಿದವನಿಗೆ ತನ್ನ ವಿಮಾನವನ್ನು ವರ್ಷಕ್ಕೊಮ್ಮೆ ತಾನೇ ತಪಾಸಣೆ ಮಾಡಿ ಸಹಿ ಹಾಕುವ ಹಕ್ಕಿನ ಪತ್ರ ಸಿಗುತ್ತದೆ. ಕೊಂಡವನಿಗೆ ಆ ಹಕ್ಕು ವಿಮಾನದ ಜತೆಗೆ ಬರುವುದಿಲ್ಲ. ಕಟ್ಟಿದವನ ತಪಾಸಣೆಯಲ್ಲೂ ಒಂದು ಕೊರತೆ ಇದ್ದೇ ಇದೆ. ತಾನೇ ಬರೆದ ಪತ್ರದ ಕಾಗುಣಿತ ತಪ್ಪು ತನ್ನ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಬಲ್ಲ ಹವ್ಯಾಸಿಗಳು ಸರ್ವೋದ ಜೋಡಣೆಯನ್ನು ಇನ್ನೊಬ್ಬ ಹವ್ಯಾಸಿಗೆ ತೋರಿಸಿ, ‘ಇದರಲ್ಲಿ ತಪ್ಪು ಹುಡುಕಪ್ಪಾ’ ಎಂದು ಕೇಳಿಕೊಳ್ಳುತ್ತಾರೆ. ಬಿಗಿದ ನಟ್ಟಿನ ಮೇಲೆ ಅಡ್ಡಕ್ಕೆ ಬಣ್ಣದ ಗೆರೆ ಎಳೆದಿಡುತ್ತಾರೆ; ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ.

ಇಷ್ಟರ ಮೇಲೂ ಪ್ರತಿ ಹಾರಾಟಕ್ಕೆ ಮುನ್ನ ಒಂದು ಪರೀಕ್ಷೆ ಇದೆ. ಎರಡು ನಿಮಿಷದ ಕೆಲಸ. ಮೊದಲು ಆಟೋ ಹಾಕದೆ ಕೋಲನ್ನು ನಾಲ್ಕೂ ಕಡೆ ತಿರುಗಿಸಿ ನೋಡುವುದು. ಎಲ್ಲಾದರೂ ಗಂಟಲು ಕಟ್ಟಿದಂತಾಗುತ್ತದೆಯೇ? ಆಮೇಲೆ ನೆಲದ ಮೇಲೆಯೇ ಆಟೋ ಹಾಕುವುದು. ಕೋಲು ಬಿಗಿಯಾಗುತ್ತದೆ, ಆಳು ಹಿಡಿದುಕೊಂಡಿದ್ದಾನೆ. ಈಗ ಅವನೊಡನೆ ಪಂಜ ಹಿಡಿದಂತೆ ಕೋಲನ್ನು ಎಡಕ್ಕೆ, ಬಲಕ್ಕೆ, ಹಿಂದೆ, ಮುಂದೆ ನೂಕಿ ಗೆಲ್ಲಬೇಕು. ಗೆದ್ದ ಮೇಲೆ ಕೋಲಿನ ಗುಂಡಿ ಒತ್ತಿ ಬಿಡಿಸುವುದು, ಪೂರ್ತಿ ಬಿಟ್ಟನೇ? ಮತ್ತೆ ಹಾಕಿ, ಈ ಸಲ ಗುಂಡಿ ಮುಟ್ಟದೆ ಆಟೋಪೈಲಟ್‌ಗೆ ವಿದ್ಯುತ್ ಕೊಡುವ ಬ್ರೇಕರನ್ನೇ ಎಳೆಯುವುದು. ಕತ್ತಲಲ್ಲಿ, ಗಾಬರಿಯಲ್ಲಿ, ಕಣ್ಣುಮುಚ್ಚಿಯೂ ಕೈ ಅಲ್ಲಿಗೆ ಹೋಗಬೇಕು. ಅದಕ್ಕಾಗಿ ಕೆಲವರು ಉಳಿದೆಲ್ಲ ಬ್ರೇಕರುಗಳ ನಡುವೆ ಅದೊಂದಕ್ಕೆ ಬಣ್ಣದ ಉಂಗುರ ಹಾಕಿಡುತ್ತಾರೆ. ಚನ್ನಗಿರಿಯ ಮೆಕ್ಯಾನಿಕ್ ನೋಡಿದರೆ ಹಿಡಿದುಕೊಂಡ ಜಾಗ ಸರಿಯಿದೆ ಎನ್ನುತ್ತಿದ್ದ. ಕಿತ್ತು ಜೇಬಿಗೆ ಹಾಕಿಕೊಳ್ಳಲು ಬರುವುದಿಲ್ಲವಲ್ಲ ಎಂದಷ್ಟೇ ಅವನ ತಕರಾರು.